ಸೂಜಿ ಅಂದದ್ದು ಯಾಕೆ

ಬಾಗಿಲು ತೆರೆದವಳ ಮುಖಕ್ಕಿಂತ ಮೊದಲು ಅವನ ಕಣ್ಣಿಗೆ ಬಿದ್ದದ್ದು ಅವಳ ಕೈ.

ಗುಂಡುಸೂಜಿ ಚುಚ್ಚಿಡುವ ಪಟ್ಟಿಯನ್ನು ಅವಳು ಸದಾ ಮಣಿಕಟ್ಟಿಗೆ ಕಟ್ಟಿಕೊಳ್ಳುವವಳು. ಇವತ್ತು ಚಿಲಕಕ್ಕೆ ಎತ್ತಿದ ಕೈಯಲ್ಲಿ ಅದು ಸಡಿಲವಾಗಿ ಜಾರಿ ಮೊಣಕೈ ಹತ್ತಿರ ನಿಂತಿತ್ತು.

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತ ಮೇಲೆ ಇಬ್ಬರೂ ಎದುರುಬದುರಾದದ್ದು ಇದೇ ಮೊದಲು. ಅವನು ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್. ಅವಳು ಅಲ್ಲಿಯೇ ಟೈಲರ್, ಈಗ ಮನೆಯಲ್ಲಿ ಕೂತು ಮಾಸ್ಕ್ ಹೊಲಿಯುತ್ತಾಳೆ. ಅವನು ಬಟ್ಟೆ ಕತ್ತರಿಸಿ ಗಂಟು ತಂದುಕೊಡಬೇಕು.

"ಗಂಟು ಇಲ್ಲಿಟ್ಟಿದೀನಿ. ಊಟ ಆಯ್ತಾ ಸೂಜಿ?"

"ಆಯ್ತು ಮಾಸ್ಟ್ರೇ."

"ಏನು ಊಟ?"

ಮಾಸ್ಕಿನ ಮೇಲೆ ಅವಳ ಕಣ್ಣು ಕಿರಿದಾಯಿತು. "ಬಟ್ಟೆ ಲೆಕ್ಕ ಕೇಳಿ, ಹೇಳ್ತೀನಿ. ಹೊಟ್ಟೆ ಲೆಕ್ಕ ಬೇಡ."

ಬಾಗಿಲು ಮುಚ್ಚಿತು.

ಫೋನಿನಲ್ಲಿ ಅವಳ ಅಕ್ಕ, ಪಕ್ಕದ ಮನೆಯ ಅಜ್ಜಿ, ಹಾಲಿನವನು... ಎಲ್ಲರೂ ಅದನ್ನೇ ಕೇಳುವವರು. 'ಊಟ ಆಯ್ತಾ' ಅನ್ನುವುದು ಪ್ರಶ್ನೆಯೇ ಅಲ್ಲ, ನಮಸ್ಕಾರ ಇದ್ದ ಹಾಗೆ. ನಮಸ್ಕಾರಕ್ಕೆ ಯಾರು ನಿಜ ಹೇಳುತ್ತಾರೆ?

ಊಟದ ಜೊತೆ ಅವಳ ಜಗಳ ಹಳೆಯದು. ಡಾಕ್ಟರ್ ಅದನ್ನು ಕಾಯಿಲೆ ಎಂದೇ ಕರೆದಿದ್ದರು, ಅಂಗಡಿಯವರಿಗೂ ಅದು ಗೊತ್ತಿತ್ತು. ಚೇತರಿಸಿಕೊಳ್ಳುತ್ತಲೂ ಇದ್ದಳು. ಅಂಗಡಿಯಲ್ಲಿ ಎಲ್ಲರೂ ಕಟಿಂಗ್ ಮೇಜಿನ ಸುತ್ತ ಡಬ್ಬಿ ಬಿಚ್ಚಿದಾಗ, ಹರಟೆಯ ಭರದಲ್ಲಿ ಅವಳ ಕೈಯೂ ಬಾಯಿಗೆ ಹೋಗುತ್ತಿತ್ತು. ಈಗ ಆ ಮೇಜಿಲ್ಲ. ಕ್ಲಿನಿಕ್ ಮುಚ್ಚಿದೆ. 'ಫೋನಿನಲ್ಲೇ ಮಾತಾಡೋಣ' ಎಂದು ಡಾಕ್ಟರ್ ಕಳಿಸಿದ ಮೆಸೇಜಿಗೆ ಅವಳು ಉತ್ತರ ಕೊಟ್ಟಿಲ್ಲ. ಕೊರಳಲ್ಲಿ ನೇತಾಡುವ ಟೇಪು ಬಟ್ಟೆಗಿಂತ ಹೆಚ್ಚಾಗಿ ಅವಳ ಸೊಂಟವನ್ನೇ ಅಳೆಯುತ್ತಿತ್ತು.

'ಸೂಜಿ ಅಂತ ಹೆಸರಿಟ್ಟಿದ್ದೇ ಅವನು. ದಪ್ಪ ಆದ್ರೆ ಇನ್ನೇನಂತ ಕರೀತಾನೆ...'

ಮುಂದಿನ ಸಲ ಅವನು ಏನೂ ಕೇಳಲಿಲ್ಲ. ಗಂಟು ಇಟ್ಟು, ನಾಲ್ಕು ಮೆಟ್ಟಿಲು ಕೆಳಗಿಳಿದು ಕೂತು ಡಬ್ಬಿ ಬಿಚ್ಚಿದ.

"ಅಕ್ಕ ಹೇಳಿ ಕಳ್ಸಿದ್ಲಾ?"

"ನಿಮ್ಮಕ್ಕನ ನಂಬರ್ರೇ ನನ್ನ ಹತ್ರ ಇಲ್ಲ. ಮನೇಲಿ ಗೋಡೆ ನೋಡ್ಕೊಂಡು ತಿಂದು ತಿಂದು ಸಾಕಾಗಿದೆ. ಬಾಗಿಲು ತೆಗೆದಿಟ್ರೆ ಸಾಕು, ನಿಮಗೆ ತಿನ್ನಿ ಅನ್ನಲ್ಲ."

ಅವನು ಹೋದ ಮೇಲೆ ಅವಳಿಗೆ ವಿಚಿತ್ರ ಸಂಕಟ. 'ಕೇಳೋದನ್ನೂ ಬಿಟ್ಟನಲ್ಲ...'

ಮತ್ತೆ ಬಂದಾಗ ಅವನು ಹೊಲಿದ ಮಾಸ್ಕೊಂದನ್ನು ಬೆಳಕಿಗೆ ಹಿಡಿದ. ಹೊಲಿಗೆ ಹಾವಿನಂತೆ ಡೊಂಕಾಗಿ ಸಾಗಿತ್ತು.

"ಇದು ನಿಮ್ಮ ಕೈಯಿಂದ ಬಂದದ್ದಲ್ಲ."

"ಕೈ ನಡುಗುತ್ತೆ, ಏನ್ಮಾಡ್ಲಿ? ನಿಮಗೆ ಸೂಜಿ ಬೇಕು ತಾನೆ? ಸೂಜಿ ಹಾಗೇ ಇದೀನಿ, ನೋಡಿ."

ಅವನು ಮಾಸ್ಕನ್ನು ಕೆಳಗಿಟ್ಟ. "ಮೈ ನೋಡಿ ಆ ಹೆಸರಿಟ್ಟೆ ಅಂದ್ಕೊಂಡ್ರಾ?"

"ಮತ್ತೆ?"

"ಬಾಯಿ ನೋಡಿ. ಕೆಲಸಕ್ಕೆ ಬಂದ ಮೊದಲ ದಿನ, ನಾನು ಕತ್ತರಿಸಿದ ಅಂಗಿಯ ಎರಡೂ ತೋಳು ಎತ್ತಿ ಹಿಡಿದು, 'ಮಾಸ್ಟ್ರೇ, ಈ ಗಿರಾಕಿಗೆ ಎರಡೂ ಎಡಗೈನಾ?' ಅಂದ್ರಿ. ಇಡೀ ಅಂಗಡಿ ನಕ್ಕಿತ್ತು. ಅವತ್ತಿಂದ... ನಿಮ್ಮ ಹತ್ರ ಚುಚ್ಚಿಸ್ಕೊಳ್ಳೋಕೆ ಅಂತಾನೇ ದಿನಾ ಬೇಗ ಬರ್ತಿದ್ದೆ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಇಷ್ಟು ದಿನ ಯಾವ ಹೆಸರಿಗಾಗಿ ಹಸಿದಿದ್ದೆ ನಾನು...

"ಮಾಸ್ಟ್ರೇ, ಕೇಳೋದು ಬಿಟ್ರಲ್ಲ, ಅದನ್ನ ಕೇಳಿ ಈಗ."

ಅವನಿಗೆ ಅರ್ಥವಾಯಿತು. "ಊಟ ಆಯ್ತಾ?"

"ಇಲ್ಲ. ನಿನ್ನೆನೂ ಆಗಿಲ್ಲ."

ಅವನು ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. "ಡಾಕ್ಟ್ರಿಗೆ ಫೋನ್ ಮಾಡೋಣ್ವಾ?"

"ನಾನೇ ಮಾಡ್ತೀನಿ. ನೀವು ಅಲ್ಲೇ ಕೂತಿರಿ."

ಅವಳು ಫೋನ್ ಮಾಡಿದಳು. ಆಮೇಲೆ ತಟ್ಟೆಯಲ್ಲಿ ಒಂದಿಷ್ಟು ಬಡಿಸಿಕೊಂಡು ಹೊಸ್ತಿಲ ಒಳಗೆ ಕೂತಳು.

"ಅರ್ಧಕ್ಕೇ ಬಿಟ್ರೆ?"

"ನಾಳೆ ಮತ್ತೆ ಕೂತ್ಕೊಳ್ಳೋಣ."

"ನಾಳೆ ಗಂಟು ಇಲ್ವಲ್ಲ."

"ಗಂಟು ನೆಪ ಸೂಜಿ. ನಾನು ಬರೋದು ನಿಮಗೋಸ್ಕರ."

ಅವಳು ತಟ್ಟೆಯನ್ನೇ ನೋಡುತ್ತಾ ಕೇಳಿದಳು. "ದಪ್ಪ ಆದ್ರೆ ಏನಂತ ಕರೀತೀರಾ?"

"ದಬ್ಬಳ. ಗೋಣಿಚೀಲ ಹೊಲಿಯೋ ಸೂಜಿ. ಇನ್ನೂ ಚೆನ್ನಾಗಿ ಚುಚ್ಚುತ್ತೆ. ಜೀವನ ಪೂರ್ತಿ ಚುಚ್ಚಿಸ್ಕೊಳ್ತೀನಿ, ಒಪ್ಪಿಗೇನಾ?"

"ಮೊದ್ಲು ಬಲಗೈ ತೋಳು ಕತ್ತರಿಸೋದು ಕಲೀರಿ," ಎಂದು ಅವಳು ತುತ್ತು ಬಾಯಿಗಿಟ್ಟಳು.