ಮುಚ್ಚಳದ ಒಳಮೈಯ ಸಹಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ ತಯಾರಿಸುವ ಕಂಪನಿ ಅವರದು. ಪೂರ್ತಿ ತಮ್ಮವರೇ ಕಟ್ಟಿದ ಮೊದಲ ಯಂತ್ರ ಅಂದು ಸಂಜೆ ಆಸ್ಪತ್ರೆಗೆ ಹೊರಡಬೇಕಿತ್ತು. ಅದರ ಮುಂಬದಿಯ ಮುಚ್ಚಳ, ಬಾಗಿಲಿನಷ್ಟು ದೊಡ್ಡದು, ಮಾಯವಾಗಿತ್ತು. ಇನ್ನೊಂದು ಮಾಡಿಸಲು ತಿಂಗಳು ಬೇಕು, ಆಸ್ಪತ್ರೆಯವರು ರೋಗಿಗಳಿಗೆ ಆಗಲೇ ದಿನ ಕೊಟ್ಟಿದ್ದಾರೆ, ಇದು ಪ್ರತಿಸ್ಪರ್ಧಿಗಳದೇ ಕೈವಾಡ ಎಂದು ಒಂದೇ ಉಸಿರಿಗೆ ಹೇಳಿದರು.

ಇನ್ಸ್‌ಪೆಕ್ಟರ್ ಮೇಡಂ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಕೈವಾಡದ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಜತೆಗೆ ಹೊರಟವನು ಹಿರಿಯ ಕಾನ್‌ಸ್ಟೇಬಲ್ ಮೀಸೆ. ಮೀಸೆ ಬೋಳಿಸಿ ಎಷ್ಟೋ ವರ್ಷವಾಗಿದ್ದರೂ ಪಾಪ, ಹೆಸರು ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಇಬ್ಬರು ಪಂಚರ ಸಮಕ್ಷಮದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಕಿಟಕಿ, ಬೀಗ ಎಲ್ಲವೂ ನೆಟ್ಟಗಿದ್ದವು. ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಲಾಗಿತ್ತು. ತೆರೆದ ಯಂತ್ರಕ್ಕೆ ಧೂಳು ಬೀಳದಂತೆ ಒಗೆದ ಬಿಳಿ ಬಟ್ಟೆ ಹೊದಿಸಿ, ಅಂಚನ್ನು ಸುತ್ತಲೂ ಸಿಕ್ಕಿಸಿದ್ದರು.

“ಇಷ್ಟು ಉಪಚಾರ ಮಾಡೋ ಕಳ್ಳನ್ನ ನಾನು ನೋಡೇ ಇಲ್ಲ ಮೇಡಂ,” ಎಂದ ಮೀಸೆ.

ಮೇಡಂ ಕೂಡ ನೋಡಿರಲಿಲ್ಲ. ಹೊರಗಿನವನಿಗೆ ಈ ಯಂತ್ರದ ಮೇಲೆ ಇಷ್ಟು ಅಕ್ಕರೆ ಎಲ್ಲಿಂದ ಬರಬೇಕು? ಮುಚ್ಚಳದಲ್ಲಿ ಅಂಥ ವಿಶೇಷವೇನಿತ್ತು ಎಂದು ಕೇಳಿದರು. ಯಂತ್ರಕ್ಕೆ ಕೈಹಚ್ಚಿದವರೆಲ್ಲ ಅದರ ಒಳಮೈಗೆ ಸಹಿ ಹಾಕುವುದು ಆ ಕಾರ್ಖಾನೆಯ ಪದ್ಧತಿ. ಮುಚ್ಚಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಶನಿವಾರ ಮಧ್ಯಾಹ್ನ ಎಲ್ಲರೂ ಸಹಿ ಹಾಕಿ, ಚಪ್ಪಾಳೆ ತಟ್ಟಿ, ಮುಚ್ಚಳ ಕೂರಿಸಿದ್ದರಂತೆ.

“ಎಲ್ಲರೂ ಅಂದ್ರೆ?”

“ಹಾಜರಿಯಲ್ಲಿ ಇರೋರೆಲ್ಲ.”

“ಹಾಜರಿಯಲ್ಲಿ ಇಲ್ಲದೋರು?”

ಮ್ಯಾನೇಜರ್ ಕೆಮ್ಮಿದರು. ಆಮೇಲೆ ಮಾತು ಹೊರಬಿತ್ತು. ರೋಗಿಯ ಸುತ್ತ ತಿರುಗುವ ದೊಡ್ಡ ಚಕ್ರವನ್ನು ಕೂರಿಸಿದವನು ಒಬ್ಬ ಹಿರಿಯ ಫಿಟ್ಟರ್. ಕೂದಲೆಳೆಯಷ್ಟು ಅಲುಗಿದರೂ ಬಿಚ್ಚಿ ಮತ್ತೆ ಕೂರಿಸುತ್ತಿದ್ದನಾದ್ದರಿಂದ ಎಲ್ಲರ ಬಾಯಲ್ಲೂ ಅವನು ‘ಕೂದಲೆಳೆ’. ಕಳೆದ ವರ್ಷ ನರದ ಕಾಯಿಲೆಯಿಂದ ಹಾಸಿಗೆ ಹಿಡಿದ. ಅವನು ಕಟ್ಟಿದ ಯಂತ್ರದಿಂದ ಆ ಕಾಯಿಲೆಗೇನೂ ಉಪಯೋಗವಿರಲಿಲ್ಲ. ಹಾಜರಿಯಿಂದ ಹೆಸರು ತೆಗೆದರು. ಅಣ್ಣನಿಗೂ ಒಂದು ಸಹಿಗೆ ಜಾಗ ಬಿಡಿ ಎಂದು ಅವನ ತಂಗಿ, ಕಾರ್ಖಾನೆಯವರೆಲ್ಲ ‘ಅಕ್ಕ’ ಎಂದೇ ಕರೆಯುವ ಪೇಂಟ್ ವಿಭಾಗದವಳು, ಎರಡು ಸಲ ಕೇಳಿದ್ದಳು. ನಿಯಮವಿಲ್ಲ ಎಂದು ಮ್ಯಾನೇಜರ್ ತಳ್ಳಿಹಾಕಿದ್ದರು.

ಅಷ್ಟರಲ್ಲಿ ಮೀಸೆ ಗೇಟಿನವನ ಬಾಯಿ ಬಿಡಿಸಿಕೊಂಡು ಬಂದ. ಶನಿವಾರ ಸಂಜೆ ಪೇಂಟ್ ವಿಭಾಗದ ಟೆಂಪೊದಲ್ಲಿ ಕಂಬಳಿ ಸುತ್ತಿದ ಏನೋ ಹೊರಗೆ ಹೋಗಿತ್ತು. ಅಕ್ಕನನ್ನು ತಡೆದು ಕೇಳುವ ರೂಢಿ ಅಲ್ಲಿರಲಿಲ್ಲ. ಇವತ್ತು ಅಕ್ಕ ಕೆಲಸಕ್ಕೆ ಬಂದಿರಲಿಲ್ಲ.

ಹನ್ನೆರಡರ ಹೊತ್ತಿಗೆ ಮೇಡಂ ಮತ್ತು ಮೀಸೆ ಅಣ್ಣ-ತಂಗಿಯ ಮನೆ ತಲುಪಿದಾಗ ಬಾಗಿಲು ತೆರೆದೇ ಇತ್ತು. ಮಂಚದ ಮುಂದೆ, ದಿಂಬಿಗೆ ಒರಗಿಸಿದ ಮುಚ್ಚಳ. ಕೂದಲೆಳೆ ಪೆನ್ ಹಿಡಿದು ಕೂತಿದ್ದ, ಅಕ್ಕ ಅವನ ಮೊಣಕೈ ಹಿಡಿದಿದ್ದಳು. ನೆಲದ ತುಂಬ ಹಳೆಯ ಪತ್ರಿಕೆಗಳು, ಅವುಗಳ ತುಂಬ ಅವನದೇ ನಡುಗಿದ ಸಹಿಗಳು. ಭಾನುವಾರವೇ ಮುಚ್ಚಳ ಹಿಂತಿರುಗಿಸಬೇಕೆಂದು ಅಕ್ಕ ಎಣಿಸಿದ್ದಳು. ಆದರೆ ಸೊಟ್ಟ ಸಹಿ ಹಾಕಿ ಯಂತ್ರದ ಮಾನ ಕಳೆಯಲಾರೆ ಎಂದು ಅಣ್ಣ ಹಟ ಹಿಡಿದು, ದಿನವಿಡೀ ಅಭ್ಯಾಸ ಮಾಡಿದ್ದ.

ಖಾಕಿ ಕಂಡು ಅಕ್ಕನ ಕೈ ಸಡಿಲವಾಯಿತು. ಕೂದಲೆಳೆ ತಲೆ ಎತ್ತಲೇ ಇಲ್ಲ. ಅರ್ಧ ಸಹಿ ಆಗಿತ್ತು.

ಮೀಸೆ ಮುಂದೆ ಹೆಜ್ಜೆ ಇಟ್ಟ. ಮೇಡಂ ಅವನ ತೋಳು ಹಿಡಿದರು.

“ತಡಿ. ಬೂಟು ಬಿಚ್ಚಿ ಒಳಗೆ ಹೋಗೋಣ.”

ಹೊಸ್ತಿಲ ಹೊರಗೆ ಬಗ್ಗಿ ಲೇಸಿಗೆ ಕೈಹಾಕಿದರು. ಅದೇನು ಗಂಟೋ ಏನೋ, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ತಲೆ ಎತ್ತಿದಾಗ ಕೂದಲೆಳೆ ಪೆನ್ನಿನ ಮುಚ್ಚಳ ಹಾಕುತ್ತಿದ್ದ.

ಅಕ್ಕ ಏನನ್ನೂ ಮುಚ್ಚಿಡದೆ ಒಪ್ಪಿಕೊಂಡಳು. ಮುಚ್ಚಳ ಜಪ್ತಿಯಾಯಿತು, ಅಕ್ಕನ ಬಂಧನವಾಯಿತು. ಪಕ್ಕದ ಮನೆಯವರು ಬರುವವರೆಗೆ ಮೀಸೆ ಕೂದಲೆಳೆಯ ಬಳಿ ಕೂತು ಗಂಜಿ ಕುಡಿಸಿದ. ಮಧ್ಯಾಹ್ನ ನ್ಯಾಯಾಲಯ ಅಕ್ಕನಿಗೆ ಜಾಮೀನು ಕೊಟ್ಟಿತು. ರೋಗಿಗಳು ಕಾಯುತ್ತಿದ್ದಾರೆಂದು ಮೇಡಂ ತಾವೇ ನಿಂತು ಕೇಳಿಕೊಂಡಿದ್ದರಿಂದ ಮುಚ್ಚಳವನ್ನೂ ಕಂಪನಿಯ ಸುಪರ್ದಿಗೆ ಒಪ್ಪಿಸಿತು.

ಮ್ಯಾನೇಜರ್ ಒಳಮೈ ನೋಡಿ ಹುಬ್ಬು ಗಂಟಿಕ್ಕಿದರು.

“ಈ ಕೊನೇ ಸಹಿ ಒರೆಸಿಬಿಡ್ತೀವಿ ಮೇಡಂ.”

“ಮುಟ್ಟೋ ಹಾಗಿಲ್ಲ. ಜಪ್ತಿ ಪಂಚನಾಮೆಯಲ್ಲಿ ಅದು ದಾಖಲಾಗಿದೆ. ಒರೆಸಿದ್ರೆ ಸಾಕ್ಷ್ಯ ನಾಶ. ಆಮೇಲೆ ನಿಮ್ಮನ್ನೂ ಕರ್ಕೊಂಡು ಹೋಗ್ಬೇಕಾಗುತ್ತೆ.”

ಮ್ಯಾನೇಜರ್ ಮುಚ್ಚಳ ಕೂರಿಸಲು ಕೈಸನ್ನೆ ಮಾಡಿದರು. ಕೆಲಸಗಾರರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಚ್ಚಳ ಕೂತಿತು, ತಟ್ಟೆಯಲ್ಲಿದ್ದ ಸ್ಕ್ರೂಗಳು ಅದೇ ಕ್ರಮದಲ್ಲಿ ಒಳಗೆ ಹೋದವು. ಸಂಜೆ ಲಾರಿ ಗೇಟು ದಾಟುವಾಗ ಮೀಸೆ ಯಾರೂ ಹೇಳದಿದ್ದರೂ ಸೆಲ್ಯೂಟ್ ಹೊಡೆದ.

ಠಾಣೆಗೆ ಮರಳಿ ಅವರು ಕಡತ ಜೋಡಿಸಿದರು. ಕೃತ್ಯದ ಕಾರಣ ಎಂಬಲ್ಲಿ ಅಕ್ಕನ ಮಾತು ಇತ್ತು: “ನಮ್ಮಣ್ಣ ಮಾಡಿದ್ದು ಅಂತ ಊರಿಗೆಲ್ಲ ಗೊತ್ತಾಗೋದು ಬೇಡ. ಆ ಯಂತ್ರದೊಳಗೆ ಇದ್ರೆ ಸಾಕು.” ಜಪ್ತಿ ಪಂಚನಾಮೆಯ ಕೊನೆಯಲ್ಲಿ ಕಾನೂನಿಗೆ ಬೇಕಿಲ್ಲದ ಒಂದು ಸಾಲನ್ನು ಮೇಡಂ ಆಗಲೇ ಬರೆಸಿದ್ದರು: “ಕೊನೆಯ ಸಹಿ ಸ್ಪಷ್ಟವಾಗಿದ್ದು, ಗೆರೆ ಎಲ್ಲಿಯೂ ನಡುಗಿರುವುದಿಲ್ಲ.”