ಜಡ್ಜ್ ಸಾಹೇಬರ ಅಳತೆ

ಇದು ನಿಜವಾಗಿ ನಡೆದ ಕಥೆ. ಬುರುಡೆ ಅನ್ನುವವರಿಗೆ ಹಳೇ ಬೈಕೂ ಗೊತ್ತಿಲ್ಲ, ಪ್ರೀತಿಸುವ ಹೆಣ್ಣಿನ ಬಾಯೂ ಗೊತ್ತಿಲ್ಲ ಅಂತಲೇ ಅರ್ಥ.

ಬೈಕಿನ ಸೀಟು ಹೊಲಿಯುವವಳ ಅಂಗಡಿಗೂ ಮೆಕ್ಯಾನಿಕ್ಕಿನ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಅವಳ ಪ್ರಕಾರ ಅದು ಇನ್ನೂ ದಪ್ಪ ಇರಬೇಕಿತ್ತು. ಕೈಯಲ್ಲಿ ಸದಾ ನಟ್ಟು ಬಿಗಿಯುವ ಪಾನಾ ಹಿಡಿದಿರುತ್ತಿದ್ದ ಅವನನ್ನು ಬೀದಿಯವರು 'ಪಾನಾ' ಅಂತಲೇ ಕರೆಯುತ್ತಿದ್ದರು. ಅವಳು ಕರೆಯುತ್ತಿದ್ದದ್ದು 'ಅದು' ಅಂತ.

"ಚಿಕ್ಕಮ್ಮಾ, ಅದು ಟೀ ಕುಡೀತಿದೆ ನೋಡು, ಗ್ರೀಸ್ ಸಮೇತ."

"ನೋಡದೇ ಇರೋಕೆ ನಿನಗೇನು ಕಷ್ಟವೇ?" ಅನ್ನುತ್ತಿದ್ದಳು ಚಿಕ್ಕಮ್ಮ, ಪಕ್ಕದಲ್ಲೇ ಕೂತು ಸೀಟಿಗೆ ಗುಂಡಿ ಕೂರಿಸುತ್ತಾ.

ಪಾನಾ ಗುಜರಿಯಿಂದ ಒಂದು ಮುದಿ ಬೈಕು ತಂದು ಬಿಚ್ಚಿ ಹರಡಿಕೊಂಡಿದ್ದ. ಅವಳು ಬಾಗಿಲಲ್ಲಿ ನಿಂತು ಮೂಗು ಮುರಿದಳು.

"ಏನಿದು, ಪೋಸ್ಟ್‌ಮಾರ್ಟಮ್ಮಾ?"

"ಕೆಫೆ ರೇಸರ್ ಆಗುತ್ತೆ, ಮೇಡಂ. ಬೇಡದ್ದೆಲ್ಲ ಕಿತ್ತು ಹಾಕ್ತೀವಿ. ಎತ್ತರದ ಹ್ಯಾಂಡಲ್ಲು, ಮಡ್‌ಗಾರ್ಡು, ಸಂಸಾರಸ್ಥರ ಸೀಟು, ಎಲ್ಲಾ. ಉಳಿಯೋದು ಬರೀ ಓಟ."

"ಕೋಳಿ ಪುಕ್ಕ ಕಿತ್ತು ನವಿಲು ಅಂತ ಮಾರ್ತೀಯ ಅನ್ನು."

"ಮಾರಿದ ದಿನ ನಾನೂ ಹೊರಟೆ. ಬಂದರಿನ ಹತ್ತಿರ ಗೆಳೆಯನ ಗ್ಯಾರೇಜಿದೆ, ಕರೀತಿದ್ದಾನೆ. ನಿಮ್ಮ ನಾಲಿಗೆಗೂ ರಜೆ."

"ಬೇಗ ಮಾರಪ್ಪಾ, ಪುಣ್ಯ ಬರುತ್ತೆ!" ಅಂದು ತಲೆ ಎತ್ತಿಕೊಂಡೇ ವಾಪಸ್ಸಾದಳು. ಆಮೇಲೆ ಮಿಷನ್ ಮುಂದೆ ಕೂತು ಒಂದು ಸೀಟಿನ ಕವರನ್ನು ಪೂರ್ತಿ ಒಳಮೈ ಹೊರಗಾಗಿ ಹೊಲಿದಳು.

ಮಾರನೇ ಸಂಜೆ ಗ್ಯಾರೇಜಿಗೆ ಒಂದು ಫೋನ್ ಬಂತು.

"ಯಾರಪ್ಪಾ ಮೆಕ್ಯಾನಿಕ್ಕು? ನಾನು ರಿಟೈರ್ಡ್ ಜಡ್ಜ್. ಆರಡಿ ಆಳು. ಆ ಬೈಕು ನನಗೇ. ಬೇರೆಯವರಿಗೆ ತೋರಿಸಿದೆಯೋ, ಹುಷಾರ್!"

ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಮೂರು ಕ್ಲಾಸು ಖಾಲಿ ಮಾಡಿಸಿದ್ದ ಅವಳದೇ ಗಂಟಲು ಅದು. ಈಗ ಚಿಕ್ಕಮ್ಮನ ಹೊಸ ಫೋನಿಗೆ ಸ್ಪಂಜಿನ ತುಂಡು ಅಡ್ಡ ಹಿಡಿದು ಗುಡುಗುತ್ತಿತ್ತು. ಬೈಕು ಮಾರಾಟವಾಗದಿದ್ದರೆ 'ಅದು' ಊರು ಬಿಡುವುದಿಲ್ಲ. ಅಷ್ಟೇ ಲೆಕ್ಕಾಚಾರ. ಪ್ರೀತಿಗೀತಿ ಏನೂ ಇಲ್ಲ, ಬಯ್ಯೋಕೆ ಪಕ್ಕದಲ್ಲಿ ಒಬ್ಬರು ಬೇಕಲ್ಲ!

"ಸಾರ್, ಹ್ಯಾಂಡಲ್ ತಗ್ಗಿಸಿ ಕೂರಿಸಬೇಕು. ನಿಮ್ಮ ತೋಳು, ಬೆನ್ನು, ಕಾಲಿನ ಅಳತೆ ಹೇಳಿದ್ರೆ..."

ಸುಮ್ಮನೆ ಒಂದು ಅಂದಾಜು ಹೇಳಬಹುದಿತ್ತು. ಆದರೆ ಅಂದಾಜಿನ ಅಳತೆ ಕೊಡುವ ಗಿರಾಕಿಗಳನ್ನು ದಿನವೂ ಉಗಿಯುವವಳು ಅವಳು. ಕೊರಳಲ್ಲಿದ್ದ ಟೇಪು ತಾನಾಗಿ ಕೈಗೆ ಬಂತು. ತನ್ನ ಭುಜದಿಂದ ಮುಂಗೈವರೆಗೆ ಹಿಡಿದಳು, ಕತ್ತಿನಿಂದ ಸೊಂಟಕ್ಕೆ ಹಿಡಿದಳು, ಬಗ್ಗಿ ಕಾಲಿಗೂ ಹಿಡಿದಳು. ಅರ್ಧ ಇಂಚೂ ಬಿಡದೆ ಒಪ್ಪಿಸಿದಳು.

ಆ ಕಡೆ ಅಳತೆ ಬರೆದುಕೊಳ್ಳುತ್ತಿದ್ದ ಪೆನ್ಸಿಲ್ಲಿನ ಸದ್ದು ತಟ್ಟನೆ ನಿಂತಿತು.

"ಆಯ್ತು ಸಾರ್," ಅಂದ ಪಾನಾ. ದನಿ ಯಾಕೋ ಮೆತ್ತಗಿತ್ತು.

ಜಡ್ಜ್ ಸಾಹೇಬರು ದಿನಾ ಸಂಜೆ ಫೋನ್ ಮಾಡತೊಡಗಿದರು. ಟ್ಯಾಂಕಿನ ಬಣ್ಣ ಕಾಮಾಲೆ ಬಂದ ಹಾಗಿದೆಯಂತೆ, ಬದಲಾಯಿಸು. ಸೈಲೆನ್ಸರ್ ಗೊರಕೆ ಹೊಡೆಯುತ್ತದಂತೆ, ಬದಲಾಯಿಸು. ಪಾನಾ ಎಲ್ಲದಕ್ಕೂ "ಆಯ್ತು ಸಾರ್."

"ಅಲ್ಲಯ್ಯಾ," ಒಂದು ಸಂಜೆ ಸಾಹೇಬರು ಕೆಮ್ಮಿ ಕೇಳಿದರು, "ಇದ್ದ ಊರು ಯಾಕೆ ಬಿಡ್ತೀಯ?"

"ಪಕ್ಕದಂಗಡೀಲಿ ಒಬ್ಬಳಿದ್ದಾಳೆ ಸಾರ್. ಕುಳ್ಳಿ. ಗರ್ವ ಮಾತ್ರ ಆರಡಿ. ನಕ್ಕರೆ ಕತ್ತರಿ ಆಡಿಸಿದ ಹಾಗಿರುತ್ತೆ."

ಸ್ಪಂಜಿನ ಹಿಂದೆ ಹಲ್ಲು ಕಡಿಯುವ ಸದ್ದು. ಜಡ್ಜ್ ಆದವರು ಕುಳ್ಳಿಯ ಪರವಾಗಿ ಜಗಳಕ್ಕಿಳಿಯುವುದು ಹೇಗೆ?

"ಅವಳು ಒಂದೇ ಒಂದು ಸಲ 'ಇರು' ಅಂದಿದ್ರೆ ಇರ್ತಿದ್ದೆ ಸಾರ್. ಅನ್ನಲ್ಲ ಅವಳು."

ಸ್ಪಂಜು ಕೈಯಿಂದ ಜಾರಿತು. ಫೋನ್ ಕಟ್ ಮಾಡಿದಳು. ಚಿಕ್ಕಮ್ಮ ತಲೆ ಎತ್ತದೆ, "ಹೋಗಿ ಹೇಳಬಾರದೇನೇ?" ಅಂದಳು.

"ಅದಕ್ಕಾ? ನಾನಾ?" ಅಂದಳು. ಮರುದಿನ ಗ್ಯಾರೇಜಿಗೆ ಹೋದವಳು, ಪಾನಾ ಮುಖ ಎತ್ತಿ ನೋಡುತ್ತಿದ್ದಂತೆ, "ಮುಖ ತೊಳ್ಕೊ, ಎಂಜಿನ್ ಯಾವುದು ಆಳು ಯಾವುದು ಗೊತ್ತಾಗ್ತಿಲ್ಲ" ಅಂದು ಬಂದಳು.

ವಾರ ಕಳೆಯಿತು. ಪಾನಾ ಜಡ್ಜ್ ಸಾಹೇಬರಿಗೆ ಹೇಳಿದ: "ಬೈಕು ರೆಡಿ, ಸೀಟಿನ ಕವರೊಂದು ಬಾಕಿ. ಇವತ್ತು ಸಂಜೆ ಬರದಿದ್ದರೆ ಬೇರೆಯವರಿಗೆ ಕೊಟ್ಟು ನಾಳೆ ಬಸ್ ಹತ್ತೋದೇ."

ಸಾಹೇಬರು ಬರುವುದೆಲ್ಲಿಂದ? ಬಂದವಳು ಅವಳು. ಬಾಗಿಲಲ್ಲೇ ಕಾಲು ನಿಂತವು. ಕಪ್ಪು ಟ್ಯಾಂಕು, ತಗ್ಗಿದ ಹ್ಯಾಂಡಲ್ಲು, ಹಾರಲು ಮೈ ಕುಗ್ಗಿಸಿದ ಬೆಕ್ಕಿನಂಥ ಬೈಕು.

"ಹೇಗಿದೆ?"

"ಸೈಕಲ್ಲಿಗೆ ಜ್ವರ ಬಂದ ಹಾಗಿದೆ."

"ಜಡ್ಜ್ ಬರೋ ಮುಂಚೆ ಒಂದು ಸಲ ಕೂತು ನೋಡು, ಮಹಾರಾಯ್ತಿ. ಹೊಲಿಯೋ ಮುಂಚೆ ಸೀಟಿನ ಅಂದಾಜು ಸಿಗುತ್ತೆ."

"ಆರಡಿ ಆಳಿಗೆ ಮಾಡಿದ್ದು ನನಗೆಲ್ಲಿ..." ಅನ್ನುತ್ತಲೇ ಕೂತಳು. ಬಗ್ಗಿದಳು. ಹಿಡಿ ನೇರ ಅಂಗೈಗೆ ಬಂದು ಕೂತಿತು. ಪಾದ ಹುಡುಕದೆಯೇ ಫುಟ್‌ರೆಸ್ಟಿನ ಮೇಲಿತ್ತು. ಟ್ಯಾಂಕಿನ ತಗ್ಗು ಅವಳ ಮೊಣಕಾಲಿಗೆಂದೇ ತಟ್ಟಿದಂತಿತ್ತು. ಅವಳು ನಿಧಾನವಾಗಿ ಕತ್ತು ತಿರುಗಿಸಿದಳು.

ಪಾನಾ ಕೈ ಕಟ್ಟಿ ನಿಂತು ಗಂಟಲು ದಪ್ಪ ಮಾಡಿದ. "ಏನಮ್ಮಾ! ಆರಡಿ ಜಡ್ಜಿಗೆ ಇಷ್ಟು ಗಿಡ್ಡ ಕೈ ಕೊಟ್ಟವರು ಯಾರು?"

"ಅಳತೆ ಕೇಳಿದ ದಿನವೇ ಗೊತ್ತಾಯ್ತಾ?"

"ಅವತ್ತೇ. ಗೆಳೆಯನಿಗೆ ಬರಲ್ಲ ಅಂದದ್ದೂ ಅವತ್ತೇ. ಬಸ್ಸೂ ಇಲ್ಲ, ಬೇರೆ ಗಿರಾಕಿಯೂ ಇಲ್ಲ."

"ಮತ್ತೆ ಕುಳ್ಳಿ, ಗರ್ವ..."

"ನಾನು ಬಯ್ದರೂ, ಜಡ್ಜ್ ವೇಷದಲ್ಲಿ ತಿರುಗಿ ಬಯ್ಯೋಕಾಗದ ನಿನ್ನನ್ನ ಇನ್ನೆಲ್ಲಿ ಹುಡುಕಲಿ?"

ಅವಳ ಕಿವಿ ಕೆಂಪಾಯಿತು. ಆದರೂ ಮಾತು ಬಂದದ್ದು ಜಡ್ಜಿನ ದನಿಯಲ್ಲೇ. "ಇರಯ್ಯಾ. ಎಲ್ಲೂ ಹೋಗಕೂಡದು. ಕೋರ್ಟಿನ ಆಜ್ಞೆ."

"ಸಾಹೇಬರ ಮಾತು ಸಾಕು ಸಾರ್. ಅವಳನ್ನ ಕರೀರಿ."

ಅವಳು ಬೈಕಿನ ಹಿಡಿಯನ್ನೇ ನೋಡುತ್ತಾ, ಅವಳ ಬಾಯಿಂದ ಯಾರೂ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ, "ಇರು," ಅಂದಳು.

ಗೋಡೆಯಾಚೆಯಿಂದ ಚಿಕ್ಕಮ್ಮ ಕೂಗಿದಳು: "ನನ್ನ ಫೋನಿನ ಚಾರ್ಜು ಉಳೀತು!"

ಪಾನಾ ನಕ್ಕ. ಆದರೆ ಅವಳು ನಕ್ಕದ್ದೇ ನಗು. ಟ್ಯಾಂಕಿನ ಮೇಲೆ ತಲೆಯಿಟ್ಟು, ಬೈಕು ಅಲ್ಲಾಡುವ ಹಾಗೆ, ಆಚೆ ಬೀದಿಯ ಅಂಗಡಿಯವರೂ ಹೊರಗೆ ಬಂದು ನೋಡುವ ಹಾಗೆ.