ಎರಡಡಿ ಏಳಿಂಚಿನ ಬಾಗಿಲು

ಬಾಡಿಗೆ ಮನೆ ನೋಡಲು ಬಂದವರು ಮೊದಲು ನಲ್ಲಿ ತಿರುಗಿಸಿ ನೋಡುತ್ತಾರೆ. ವಿಜಯಲಕ್ಷ್ಮಿ ಬ್ಯಾಗಿನಿಂದ ಟೇಪು ತೆಗೆದು ಬಾಗಿಲು ಅಳೆದಳು.

ಎರಡಡಿ ಏಳಿಂಚು. ಒಳಗೆ ಕಾಲಿಟ್ಟ ಕೂಡಲೇ ಬಲಕ್ಕೆ ತಿರುಗುವ ಪ್ಯಾಸೇಜು, ಅದರ ಅಗಲ ಮೂರಡಿಯೂ ಇಲ್ಲ. ಅವಳ ಮುಖ ಅರಳಿತು.

ಮನೆ ಮಾಲೀಕ ಚಿಕ್ಕಬೈರಪ್ಪ ಅದನ್ನು ತಮಗೆ ತೋಚಿದಂತೆ ಅರ್ಥಮಾಡಿಕೊಂಡರು. ಸುದ್ದಗುಂಟೆಪಾಳ್ಯದ ಈ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದವರು ಅವರು. ಮನೆ ಕಟ್ಟಿಸುವಾಗ ಆಯ ನೋಡಿಸಿ, ಅಳತೆ ಕೂಡಿಬಂದರೆ ಮನೆಗೆ ಶುಭ ಎಂದು ಜೋಯಿಸರು ಹೇಳಿದ್ದಕ್ಕೆ ಬಾಗಿಲನ್ನು ಐದಿಂಚು ಕುಗ್ಗಿಸಿದ್ದರು.

"ಆಯ ನೋಡ್ತಿದೀಯೇನಮ್ಮ? ಈ ಕಾಲದ ಹುಡ್ಗೀರ್ಗೂ ಇದೆಲ್ಲಾ ಗೊತ್ತಾ?"

"ಸ್ವಲ್ಪ ಸ್ವಲ್ಪ, ಅಂಕಲ್," ಎಂದಳು ವಿಜಯಲಕ್ಷ್ಮಿ.

ಮನೆ ಅವಳಿಗೇ ಅಂತ ಆಯಿತು. ಆಯವೂ ಇಲ್ಲ, ಗೀಯವೂ ಇಲ್ಲ. ಆ ಟೇಪಿನ ಹಿಂದೆ ಇದ್ದವನ ಹೆಸರು ಮೌನೇಶ.

ಜಯನಗರದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಮಾಡುವ ಹುಡುಗಿ ಅವಳು. ತೊಂಬತ್ತೊಂಬತ್ತರಲ್ಲಿ, ಮೊದಲ ಬೋನಸ್ ಕೈಗೆ ಬಂದಾಗ, ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಾಗುವಾನಿ ಬೀರುವಿಗೆ ಮನಸೋತಳು. ಏಳಡಿ ಎತ್ತರ, ಮೂರೂವರೆ ಅಡಿ ಅಗಲ, ಎರಡಡಿ ದಪ್ಪ. ಅದನ್ನು ಬಿಟಿಎಂ ಲೇಔಟಿನ ಮನೆಗೆ ತಂದುಕೊಟ್ಟ ಟೆಂಪೋದಲ್ಲಿ ಮೌನೇಶ ಇದ್ದ. ಗದಗಿನ ಕಡೆಯವನು, ಬಡಗಿಗಳ ಮನೆತನ. ಬೆಳಿಗ್ಗೆ ಶುರುವಾದ ಕೆಲಸ ಮಧ್ಯಾಹ್ನ ಮೂರಕ್ಕೆ ಮುಗಿಯಿತು. ಅಷ್ಟು ಹೊತ್ತೂ ಅವನು ಬೀರುವಿಗೆ ಬೈಯಲಿಲ್ಲ, ಅವಳಿಗೂ ಬೈಯಲಿಲ್ಲ. "ಸಿಟ್ಟ ಮಾಡ್ಕೋಬ್ಯಾಡ್ರಿ, ಬರ್ತೈತಿ, ಬರ್ತೈತಿ," ಎಂದು ಕಟ್ಟಿಗೆಯನ್ನು ತಟ್ಟುತ್ತ ಮಾತಾಡಿಸುತ್ತಿದ್ದ. ಅವತ್ತು ಹೋಗುವಾಗ ತಿರುಗಿ ನೋಡಿ ನಕ್ಕ. ಆ ನಗುವಿಗೆ ಇವಳು ಢಮಾರ್ ಎಂದು ಬಿದ್ದಳು, ಮತ್ತೆ ಏಳಲೇ ಇಲ್ಲ.

ಆಮೇಲೆ ಅವನನ್ನು ಕರೆಸುವುದಕ್ಕೆ ಅವಳಿಗೆ ಒಂದೇ ನೆಪ, ಮನೆ ಬದಲಾಯಿಸುವುದು. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುವುದೇ ತಡ, "ನೀರಿನ ಪ್ರಾಬ್ಲಂ" ಎಂದು ಹೇಳಿ ಅವನ ಎಸ್‌ಟಿಡಿ ಬೂತಿನ ನಂಬರಿಗೆ ಫೋನು ಮಾಡುತ್ತಿದ್ದಳು. ಬಾಗಿಲು ಅಗಲವಿದ್ದರೆ ಅವನು ಎರಡು ಗಂಟೆಯಲ್ಲಿ ಹೊರಟುಬಿಡುತ್ತಾನೆ ಎಂದು ಇಕ್ಕಟ್ಟಾದ ಮನೆಗಳನ್ನೇ ಹುಡುಕುತ್ತಿದ್ದಳು. ಮನೆ ಹಂಚಿಕೊಂಡಿದ್ದ ಗೆಳತಿ ಉಮಾಶ್ರೀ ತಲೆ ಚಚ್ಚಿಕೊಳ್ಳುತ್ತಿದ್ದಳು. "ಬಾಯ್ಬಿಟ್ಟು ಹೇಳೋದು ಬಿಟ್ಟು ಊರೆಲ್ಲಾ ಬೀರು ಮೆರವಣಿಗೆ ಮಾಡ್ತೀಯಲ್ಲೇ."

ಈಗ ಎರಡು ಸಾವಿರದ ಎರಡು. ಇದು ನಾಲ್ಕನೇ ಮನೆ.

ಭಾನುವಾರ ಬೆಳಿಗ್ಗೆ ಟೆಂಪೋ ಬಂದು ನಿಂತಿತು. ಉಮಾಶ್ರೀಗೆ ಡ್ಯೂಟಿ ಇತ್ತು. ಮೌನೇಶನ ಪಾರ್ಟ್ನರ್ ಪಿಳ್ಳಣ್ಣ ಹಗ್ಗ ಬಿಚ್ಚುತ್ತಲೇ ಸುದ್ದಿ ಹೇಳಿದ.

"ಇದೇ ಲಾಸ್ಟು, ಅಕ್ಕ. ನಾಳೆಯಿಂದ ಇವ್ನು ಬೊಮ್ಮನಹಳ್ಳಿ ಫರ್ನಿಚರ್ ಫ್ಯಾಕ್ಟರೀಲಿ ಸೂಪರ್‌ವೈಸರು. ಟೆಂಪೋ ನನ್ ತಲೆಗೆ ಕಟ್ಟಿ ಹೋಗ್ತಾವ್ನೆ."

ವಿಜಯಲಕ್ಷ್ಮಿಯ ಕೈಯಲ್ಲಿದ್ದ ಸ್ಟೀಲಿನ ಡಬ್ಬಿ ಜಾರಿ, ಸಾಸಿವೆ ಮೆಟ್ಟಿಲ ತುಂಬ ಚೆಲ್ಲಿತು. ಮೌನೇಶ ಬಗ್ಗಿ ಬಾಚತೊಡಗಿದ. ಅವಳೂ ಬಗ್ಗಿದಳು. ಇಬ್ಬರ ತಲೆಯೂ ತಾಗಿತು.

"ಹೌದಾ?" ಎಂದಳು.

"ಹೌದ್ರಿ." ಅವನು ಸಾಸಿವೆಯನ್ನೇ ನೋಡುತ್ತಿದ್ದ. "ಚಲೋ ನೌಕರಿ ಐತಿ."

ಬೀರು ಒಳಗೆ ಹೋಗುವಷ್ಟರಲ್ಲಿ ಹೇಳಿಬಿಡಬೇಕು. ಇಲ್ಲದಿದ್ದರೆ ಇನ್ನು ಯಾವ ನೆಪಕ್ಕೂ ಅವನು ಬರುವುದಿಲ್ಲ. ಈ ಪುಣ್ಯಾತ್ಮ ಇವತ್ತು ಯಾವತ್ತೂ ಇಲ್ಲದ ಅವಸರದಲ್ಲಿದ್ದ. ಮಂಚ, ಮೇಜು, ಗ್ಯಾಸ್ ಸ್ಟೋವ್ ಎಲ್ಲವೂ ಹನ್ನೊಂದಕ್ಕೆ ಮುಂಚೆಯೇ ಮೇಲೆ ಹೋದವು.

ಕೊನೆಗೆ ಬೀರು. ದಾರದಲ್ಲಿ ಅಳೆದು, ಅಡ್ಡ ಮಲಗಿಸಿ, ಮೆಟ್ಟಿಲು ಹತ್ತಿಸಿದರು. ಚಿಕ್ಕಬೈರಪ್ಪ ಹಿಂದೆಯೇ ಬಂದು, "ನೋಡ್ಕಂಡು, ನೋಡ್ಕಂಡು, ಆಯದ ಬಾಗ್ಲು," ಎಂದು ಹತ್ತು ಸಲ ಎಚ್ಚರಿಸಿದರು. ವಿಜಯಲಕ್ಷ್ಮಿ ಒಳಗೆ ನಿಂತು ಎಳೆಯುವವಳು. ಬೀರು ಬಾಗಿಲು ದಾಟಿ ಅರ್ಧ ಬಂತು, ಪ್ಯಾಸೇಜಿನ ತಿರುವಿಗೆ ಮೂತಿ ಕೊಟ್ಟಿತು, ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅರ್ಧ ಗಂಟೆ ಗುದ್ದಾಡಿದ ಮೇಲೆ ಪಿಳ್ಳಣ್ಣ, "ಮಗಾ, ಟೀ ಕುಡೀದೆ ಆಗಲ್ಲ," ಎಂದು ಕೆಳಗಿಳಿದ. ಊಟಕ್ಕೆ ಹೆಂಡತಿ ಮಂಗಮ್ಮ ಕೂಗಿದ್ದಕ್ಕೆ ಚಿಕ್ಕಬೈರಪ್ಪನೂ ಹೋದರು.

ಹೊರಗೆ ಅವನು, ಒಳಗೆ ಅವಳು, ನಡುವೆ ಬೀರು. ಬೀರುವಿಗೂ ಬಾಗಿಲ ಚೌಕಟ್ಟಿಗೂ ನಡುವೆ ನಾಲ್ಕು ಬೆರಳು ಸಂದು. ಅದರಲ್ಲಿ ಅವಳಿಗೆ ಕಂಡದ್ದು ಒಂದು ಕಣ್ಣು, ಅರ್ಧ ಮೀಸೆ, ಕಿವಿಯ ಪಕ್ಕ ಇಳಿಯುತ್ತಿದ್ದ ಬೆವರು. ಆ ಕಣ್ಣು ಇವಳನ್ನು ನೋಡಿತು, ತಗ್ಗಿತು, ಮತ್ತೆ ನೋಡಿತು. ಮೂರು ವರ್ಷದಲ್ಲಿ ಇಷ್ಟು ಹತ್ತಿರದಿಂದ ಇವಳು ಅದನ್ನು ನೋಡಿರಲಿಲ್ಲ. ಅದು ಕಪ್ಪಲ್ಲ, ಜೇನಿನ ಬಣ್ಣ.

"ನೀರು ಕೊಡ್ಲಾ?" ಎಂದಳು.

"ಹ್ಯಾಂಗ ಕೊಡ್ತೀರಿ? ಚಂಬು ಹೊರಗ ಬರೂದಿಲ್ಲ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ವಿಜಯಲಕ್ಷ್ಮಿ ಬೀರುವಿನ ಬೆನ್ನನ್ನು ನೋಡಿದಳು. ಯಾವಾಗಲೂ ಗೋಡೆಗೆ ಒರಗಿರುತ್ತಿದ್ದ ಆ ಭಾಗವನ್ನು ಅವಳು ಸರಿಯಾಗಿ ನೋಡಿದ್ದೇ ಇಲ್ಲ. ಒಳಗೆ ಬಂದಿದ್ದ ತುದಿಯಲ್ಲಿ ಒಂದರ ಮೇಲೊಂದರಂತೆ ಹೆಬ್ಬೆರಳು ಗಾತ್ರದ ನಾಲ್ಕು ಮರದ ತುಂಡುಗಳು ಚಾಚಿಕೊಂಡಿದ್ದವು.

"ಹಿಂದ್ಗಡೆ ನಾಲ್ಕು ಮರದ ತುಂಡು ಇದಾವಲ್ಲ, ಏನಿವು?"

ಸಂದಿನಲ್ಲಿದ್ದ ಕಣ್ಣು ಮಾಯವಾಯಿತು.

"ಮೌನೇಶ್?"

"ಬೆಣಿ ಅವು," ಎಂದ ಅವನು, ದನಿ ಇಳಿಸಿ. "ಹಳೇ ಕಾಲದ ಬಡಿಗ್ಯಾರ ಕೆಲಸ. ಮೊಳಿ ಇಲ್ಲ. ನಾಕೂ ಬೆಣಿ ತಗದ್ರ ಹತ್ತ ಮಿನಿಟಿನ್ಯಾಗ ಎಲ್ಲಾ ಬಿಚ್ಚಿ ಹಲಗಿ ಹಲಗಿ ಆಗ್ತೈತಿ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನ. ಅಂಗಡಿ ಒಳಗ ಎತ್ತೂವಾಗನ."

ವಿಜಯಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾಲ್ಕು ಸಲ, ನಾಲ್ಕು ಮೆಟ್ಟಿಲು ಸಾಲು, ಪಿಳ್ಳಣ್ಣನ ಸೊಂಟ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹತ್ತ ಮಿನಿಟಿನ್ಯಾಗ ಮುಗದ್ರ ನಿಮ್ಮನಿ ಒಳಗ ನಂಗೇನ್ ಕೆಲಸ್ರಿ?" ಕಣ್ಣು ಮತ್ತೆ ಸಂದಿಗೆ ಬಂತು. "ಹನ್ನೊಂದ ತಿಂಗಳಿಗೆ ಒಂದ ಸಲ ನಿಮ್ಮ ಮುಖ ನೋಡ್ತಿದ್ದೆ. ಇನ್ನ ಸಾಕಾಗೂದಿಲ್ಲ ಅನಿಸ್ತು. ಟೆಂಪೋದಾಂವ ಅಂದ್ರ ನಿಮ್ಮ ಅಪ್ಪಾರು ಮಾತಾಡ್ಸೂದಿಲ್ಲ. ಅದಕ್ಕ ಆ ನೌಕರಿ ಹಿಡದೆ. ನಿಮಗ ಮನಸಿಲ್ಲಂದ್ರ ಇಲ್ಲೇ ಹೇಳಿಬಿಡ್ರಿ. ನಾ ಸುಮ್ಮನ ಹೋಗ್ತೇನಿ."

ಅವನು ಹೋಗುತ್ತಿದ್ದುದು ಇವಳಿಗಾಗಿಯೇ. ವಿಜಯಲಕ್ಷ್ಮಿಗೆ ಕುಣಿಯಬೇಕು ಅನ್ನಿಸಿತು, ಆದರೆ ಪ್ಯಾಸೇಜಿನಲ್ಲಿ ಜಾಗವಿರಲಿಲ್ಲ.

"ಯಾವ ಮನೇಲೂ ನೀರಿನ ಪ್ರಾಬ್ಲಂ ಇರ್ಲಿಲ್ಲ," ಎಂದಳು. "ಕಾವೇರಿ ನೀರು ದಿನಾ ಬರ್ತಿತ್ತು."

"ಅಂದ್ರ?"

"ಟೇಪು ಹಿಡ್ಕೊಂಡು, ಬಾಗಿಲು ಚಿಕ್ಕದಿರೋ ಮನೇನೇ ಹುಡುಕ್ತಿದ್ದೆ. ನೀವು ಬೇಗ ಹೋಗ್ಬಾರ್ದು ಅಂತ. ನಂಗೆ ನೀವಂದ್ರೆ ಇಷ್ಟ, ಮೌನೇಶ್. ತುಂಬಾ ಇಷ್ಟ."

ಹೇಳಿಯೇಬಿಟ್ಟಳು. ಆಮೇಲೆ ಸಂದಿನಿಂದ ನಾಲ್ಕು ಬೆರಳು ಒಳಗೆ ಬಂದವು, ಗಂಟು ಗಂಟು ಬೆರಳುಗಳು, ಉಗುರಲ್ಲಿ ಧೂಳು. ಅವಳು ಹಿಡಿದುಕೊಂಡಳು.

"ಬೆಣಿ ನಿಮ್ಮ ಕಡೇನ ಅದಾವು," ಎಂದ. "ನೀವ ತಗೀಬೇಕು."

"ತೆಗೆದ್ರೆ ಕೆಲಸ ಮುಗೀತು ಅಂತ ಹೋಗ್ಬಿಡ್ತೀರಾ?"

"ತಗೀಲಿಲ್ಲಂದ್ರ ನಾ ಒಳಗ ಹ್ಯಾಂಗ ಬರ್ಲಿ?"

ವಿಜಯಲಕ್ಷ್ಮಿ ಅಡುಗೆಮನೆಗೆ ಓಡಿ, ಮೂಟೆ ಬಿಚ್ಚಿ, ಕುಟ್ಟಾಣಿಯ ಗುಂಡು ತಂದಳು. ಅವನು ಆಚೆಯಿಂದ ಹೇಳಿಕೊಟ್ಟ ಹಾಗೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಏಟು ಹಾಕಿದಳು. ಮೊದಲ ಬೆಣೆ ಜಾರಿತು. ಎರಡನೆಯದು ಹಟ ಮಾಡಿತು. ನಾಲ್ಕನೆಯದು ಬೀಳುವ ಹೊತ್ತಿಗೆ ಪಿಳ್ಳಣ್ಣ ಮೂರು ಲೋಟ ಟೀ ಹಿಡಿದು ಮೇಲೆ ಬಂದ.

ಮೌನೇಶ ಹಲಗೆಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸುತ್ತಿದ್ದ. ಪಿಳ್ಳಣ್ಣ ಹಲಗೆ ನೋಡಿದ, ಇವನ ಮುಖ ನೋಡಿದ, ಅವಳ ಮುಖ ನೋಡಿದ.

"ಬಿಚ್ಚೋಕ್ ಬರ್ತಿತ್ತಾ ಇದು?"

ಮೌನೇಶ ಇನ್ನೊಂದು ಹಲಗೆ ಎತ್ತಿಕೊಂಡ.

"ಮೂರು ವರ್ಷದಿಂದ ನಾನ್ ಹೊತ್ತಿದ್ದು ಏನನ್ನ ಗುರು?" ಎಂದು ಕೇಳಿ, ಎರಡು ಲೋಟ ನೆಲಕ್ಕಿಟ್ಟು, ತನ್ನ ಟೀ ಹಿಡಿದು ಟೆಂಪೋ ಕಡೆಗೆ ಇಳಿದುಹೋದ.

ಕೊನೆಯ ಹಲಗೆ ಸರಿಯಿತು. ಬಾಗಿಲಲ್ಲಿ ಮೌನೇಶ ಪೂರ್ತಿಯಾಗಿ ನಿಂತಿದ್ದ, ಎರಡೂ ಕಣ್ಣು, ಇಡೀ ಮೀಸೆ, ಕಿವಿಯವರೆಗೆ ನಗು. ವಿಜಯಲಕ್ಷ್ಮಿ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬಾ," ಎಂದಳು, ಮೊದಲ ಸಲ ಏಕವಚನದಲ್ಲಿ. ಅವನು ಒಳಗೆ ಬಂದ.